ಒಂದೇ ಪಾತ್ರೆಯ ಅಡಿಗೆ, ಕೆಂಚಕ್ಕನ ಅನುಮಾನ

ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೆಂಚಕ್ಕನ ಕೈ ದಾಟದೆ ಯಾವ ಕಾಯಿಯೂ ಲಾರಿ ಹತ್ತುತ್ತಿರಲಿಲ್ಲ. ರಾಶಿಯ ಮುಂದೆ ಗೋಣಿಚೀಲ ಹಾಸಿಕೊಂಡು ಕೂರುವಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು, ಇನ್ನೊಂದಕ್ಕೆ ತಟ್ಟಿ ಸದ್ದು ಕೇಳುವಳು, ಒಳ್ಳೆಯದನ್ನು ಬಲಕ್ಕೂ ಕೆಟ್ಟದ್ದನ್ನು ಎಡಕ್ಕೂ ಉರುಳಿಸುವಳು. ನೋಡುವುದಕ್ಕೆ ಚೆನ್ನಾಗಿರುವ ಕಾಯಿಯನ್ನು ಮಾತ್ರ ಇನ್ನೊಂದು ಸಲ ತಟ್ಟುವಳು.

ಮನುಷ್ಯರ ವಿಷಯದಲ್ಲೂ ಅವಳದು ಇದೇ ರೀತಿ. ಹಾಲಿನವನು ನಗುತ್ತ ಬಂದ ದಿನ ನೀರು ಜಾಸ್ತಿ ಬೆರೆಸಿದ್ದಾನೆ ಎನ್ನುವಳು. ಪಕ್ಕದ ಮನೆಯವರು ಕರೆದು ಕಾಫಿ ಕೊಟ್ಟರೆ, ಲೋಟ ಖಾಲಿಯಾಗುವುದರೊಳಗೆ ಇವರಿಗೆ ನನ್ನಿಂದ ಏನಾಗಬೇಕಿದೆಯೋ ಎಂದು ಯೋಚಿಸುವಳು. ಸುಮ್ಮನೆ ಹೀಗಾದವಳಲ್ಲ. ಕುರಿ ಮೇಯಿಸುವ ಮನೆಯಲ್ಲಿ ಹುಟ್ಟಿದವಳು. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಹಟ್ಟಿಗೆ ವಾಪಸು ಬಂದಳು. ಅವ್ವ ತೀರಿಕೊಂಡಾಗ ತಮ್ಮ ಉಗ್ರಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಅಪ್ಪ ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆ. ಆ ಅಪ್ಪನೂ ಸತ್ತಾಗ, 'ನಾವಿದ್ದೀವಿ, ನೀನ್ಯಾಕೆ ಹೆದರ್ತೀಯ' ಎಂದು ಕಣ್ಣೊರೆಸಿದ ದಾಯಾದಿಗಳೇ ಮಂದೆಯನ್ನು ಪೂರ್ತಿ ಹೊಡೆದುಕೊಂಡು ಹೋದರು. ಅಲ್ಲಿಂದ ಮುಂದೆ ಯಾರಾದರೂ ಮೆತ್ತಗೆ ಮಾತಾಡಿದರೆ ಅವಳ ಮೈ ಬಿಗಿಯಾಗುತ್ತಿತ್ತು. ತಮ್ಮನ ಕೈ ಹಿಡಿದುಕೊಂಡು ಹಿರಿಯೂರಿಗೆ ಬಂದಳು, ಮಂಡಿಯಲ್ಲಿ ಕೆಲಸ ಹಿಡಿದಳು, ಅವನನ್ನು ಓದಿಸಿದಳು. ಅವನು ಹಿರಿಯೂರಿನಿಂದ ಐಮಂಗಲ, ಚಿತ್ರದುರ್ಗದ ಮೇಲೆ ಹೊಳಲ್ಕೆರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆದ.

ಉಗ್ರಪ್ಪನಿಗೆ ಮೂವತ್ತೈದು ದಾಟಿದರೂ ಮದುವೆಯಾಗಿರಲಿಲ್ಲ. ಕೆಂಚಕ್ಕ ನೋಡಿಬಂದ ಪ್ರತಿ ಹೆಣ್ಣಿನಲ್ಲೂ ಒಂದೊಂದು ಕೊರತೆ ಕಾಣುತ್ತಿತ್ತು. ಒಬ್ಬಳು ತಲೆ ತಗ್ಗಿಸಿ ಕೂತಿದ್ದಳು, ಏನೋ ಮುಚ್ಚಿಡುತ್ತಿದ್ದಾಳೆ. ಇನ್ನೊಬ್ಬಳು ತಲೆ ಎತ್ತಿ ಕೂತಿದ್ದಳು, ಮುಚ್ಚಿಡುವ ನಾಚಿಕೆಯೂ ಇಲ್ಲ. ಕೊನೆಗೆ ಅವನು ಅಕ್ಕನನ್ನು ಕೇಳದೆ ತಾನೇ ಹುಡುಕಿಕೊಂಡ. ದಿನಾ ಬೆಳಿಗ್ಗೆ ಐಮಂಗಲದಲ್ಲಿ ಬಸ್ಸು ಹತ್ತಿ ಹಿರಿಯೂರಿನ ಶಿಶುವಿಹಾರಕ್ಕೆ ಕೆಲಸಕ್ಕೆ ಬರುತ್ತಿದ್ದ ಚಿತ್ತಮ್ಮ ಅವಳು. ಸಾವಿರದೊಂಬೈನೂರ ಎಪ್ಪತ್ತೈದರ ಶ್ರಾವಣದಲ್ಲಿ ಮದುವೆಯಾಯಿತು.

ಚಿತ್ತಮ್ಮನೂ ಅವರದೇ ಜನ, ಆದರೆ ಅವಳ ಬದುಕಿನ ದಾರಿ ಬೇರೆಯಾಗಿತ್ತು. ಚಿಕ್ಕ ವಯಸ್ಸಿನಲ್ಲೇ ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ, ತಾಮ್ರದ ಗಣಿಯ ಇಂಜಿನಿಯರೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದ್ದಳು. ಅವರಿಗೆ ಬ್ಯಾಂಕಾಕಿನಲ್ಲಿ ಕೆಲಸವಾದಾಗ, ಮಕ್ಕಳು ಇವಳನ್ನು ಬಿಟ್ಟಿರುವುದಿಲ್ಲವೆಂದು ಅವಳನ್ನೂ ವಿಮಾನ ಹತ್ತಿಸಿಕೊಂಡು ಹೋಗಿದ್ದರು. ಮೂರು ವರ್ಷ ಆ ದೇಶದಲ್ಲಿದ್ದು ಬಂದಳು. ಇಂಜಿನಿಯರ ಸಂಸಾರ ದೆಹಲಿಯ ಕಡೆ ಹೋಯಿತು, ಇವಳು ಐಮಂಗಲದ ತೌರಿಗೆ ಮರಳಿದಳು. ಸಮುದ್ರ ದಾಟಿ ಬಂದ ಹೆಣ್ಣನ್ನು ಯಾರೂ ಕೇಳಿಕೊಂಡು ಬರಲಿಲ್ಲ.

"ಮೂರು ವರ್ಷ ಅಲ್ಲಿ ಏನು ಮಾಡ್ತಿದ್ಲಂತೆ?" ಎಂದು ಕೆಂಚಕ್ಕ ತಮ್ಮನನ್ನು ಕೇಳಿದಳು.

"ಮಕ್ಳು ನೋಡ್ಕಂತಿದ್ಲು ಕಣಕ್ಕ."

"ಮಕ್ಳನ್ನ ನೋಡ್ಕಳಾಕೆ ಅಷ್ಟು ದೂರ ಹೋಗ್ಬೇಕಾ? ನಿನ್ನ ನಾನು ಇಲ್ಲೇ ಕುಂತು ನೋಡ್ಕಳ್ಲಿಲ್ವಾ?"

ಉಗ್ರಪ್ಪ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಮೂವರೂ ದುಡಿಯುವವರಾದ್ದರಿಂದ ಆ ಮನೆಯಲ್ಲಿ ಸಂಜೆಯ ಅಡಿಗೆ ದೊಡ್ಡ ತಲೆನೋವು. ಕೆಂಚಕ್ಕ ಮಂಡಿಯಿಂದ, ಚಿತ್ತಮ್ಮ ಶಿಶುವಿಹಾರದಿಂದ ಸೋತು ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಆಮೇಲೆ ಒಲೆ ಹೊತ್ತಿಸಿ, ಬೇಳೆ ಬೇಯಿಸಿ, ಖಾರ ಅರೆದು, ಸಾರು ಕುದಿಸಿ, ಹಿಟ್ಟು ತಿರುವಿ ಮುದ್ದೆ ಕಟ್ಟುವಷ್ಟರಲ್ಲಿ ಹಸಿವೇ ಸತ್ತುಹೋಗುತ್ತಿತ್ತು. ಉಗ್ರಪ್ಪ ಇದನ್ನು ತಿಳಿದೇ ಕೊನೆಯ ಟ್ರಿಪ್ಪು ಮುಗಿಸಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಡ್ರೈವರ್ ಮಾರಣ್ಣನ ಜೊತೆ ತಿಂಡಿ ತಿಂದು, ಹರಟೆ ಹೊಡೆದು, ತನಗೆ ಬೇಕಾದಾಗ ಮನೆಗೆ ಬರುತ್ತಿದ್ದ.

ಒಂದು ಸಂಜೆ ಚಿತ್ತಮ್ಮ, "ಅಕ್ಕಾ, ನೀನು ಕುಂತ್ಕ. ಇವತ್ತು ನಾನು ಒಂದೇ ಪಾತ್ರೇಲಿ ಎಲ್ಲಾ ಮಾಡಿಬಿಡ್ತೀನಿ. ಬ್ಯಾಂಕಾಕಿನಲ್ಲಿ ಕಲ್ತಿದ್ದು" ಎಂದಳು.

ಮಂಡಿಯಿಂದ ಕೆಂಚಕ್ಕ ತಂದಿದ್ದ ಒಡಕು ಕಾಯಿಯನ್ನು ತುರಿದು ಹಿಂಡಿ ಹಾಲು ತೆಗೆದಳು. ಸೀಮೆಎಣ್ಣೆ ಸ್ಟೌ ಮೇಲೆ ಪಾತ್ರೆಯಿಟ್ಟು ಏನೇನೋ ಹಾಕಿದಳು. ಮೊದಲು ಹಸಿ ನಿಂಬೆಯಂಥ, ಆಮೇಲೆ ಶುಂಠಿಯಂಥ, ಕೊನೆಗೆ ಯಾವುದರಂತೆಯೂ ಅಲ್ಲದ ಒಂದು ವಾಸನೆ ಮನೆಯಿಂದ ಬೀದಿಗೆ ಹೋಯಿತು. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು, "ಏನ್ರಿ ಕೆಂಚಕ್ಕ, ಯಾರಿಗಾದ್ರೂ ಕಷಾಯ ಕುದಿಸ್ತಿದೀರಾ?" ಎಂದು ಕೇಳಿದಳು.

ಕೆಂಚಕ್ಕ ಆ ದಿನ ಅದನ್ನು ಮುಟ್ಟಲಿಲ್ಲ. ಬೆಳಗಿನ ತಂಗಳು ಮುದ್ದೆಗೆ ಮಜ್ಜಿಗೆ ಕಲಸಿಕೊಂಡು, ಗೋಡೆಗೆ ಒರಗಿ ತಿನ್ನುತ್ತ ತಮ್ಮನನ್ನೇ ನೋಡಿದಳು. ಉಗ್ರಪ್ಪನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಮೂಗು ಸೋರುತ್ತಿತ್ತು, ಆದರೂ ನಗುತ್ತಿದ್ದ. ತಟ್ಟೆ ಬಳಿದು ಇನ್ನೊಮ್ಮೆ ಹಾಕಿಸಿಕೊಂಡ. ಅಕ್ಕ ಮಾಡಿದ ಊಟವನ್ನು ಅವನು ಎಂದೂ ಬೈದವನಲ್ಲ, ಆದರೆ ಹೀಗೆ ತಿಂದದ್ದನ್ನೂ ಅವಳು ಕಂಡಿರಲಿಲ್ಲ.

ಮಾರನೆಯ ವಾರದಿಂದ ಉಗ್ರಪ್ಪ ಹೋಟೆಲಿಗೆ ಹೋಗುವುದನ್ನು ಬಿಟ್ಟ. ಬಸ್ಸಿನಿಂದ ಇಳಿದವನು ನೆಟ್ಟಗೆ ಮನೆಗೆ ಬಂದು, ಕಾಲು ತೊಳೆದು, "ಇವತ್ತು ಪಾತ್ರೆ ಅಡಿಗೆನಾ?" ಎಂದು ಕೇಳುವನು. ಮನೆಗೆ ಹೆಂಚು ಬದಲಾಯಿಸುವ ಮಾತು ಬಂದಾಗ, "ಚಿತ್ತಮ್ಮನ್ನ ಒಂದು ಮಾತು ಕೇಳ್ತೀನಿ" ಎಂದುಬಿಟ್ಟ. ಇಷ್ಟು ವರ್ಷ ಅಕ್ಕನನ್ನು ಕೇಳುತ್ತಿದ್ದ ಬಾಯಿ ಅದು. ಆ ರಾತ್ರಿ ಕೆಂಚಕ್ಕನಿಗೆ ನಿದ್ದೆ ಹತ್ತಲಿಲ್ಲ.

ಮಂಡಿಯಲ್ಲಿ ಅವಳ ಪಕ್ಕದಲ್ಲಿ ಕೂತು ಕಾಯಿ ಆರಿಸುತ್ತಿದ್ದವಳು ಹೊಸದುರ್ಗದ ಕಡೆಯ ಹನುಮಮ್ಮ. ಕೆಂಚಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿ, ಸುತ್ತ ನೋಡಿ, "ಮದ್ದು ಹಾಕವ್ಳೆ" ಎಂದಳು.

ಆ ಸೀಮೆಯಲ್ಲಿ ಈ ಮಾತು ಕೇಳಿದರೆ ಹೆಂಗಸರು ಸೆರಗು ಬಿಗಿ ಮಾಡಿಕೊಳ್ಳುತ್ತಾರೆ. ಇಲ್ಲಿ ಮದ್ದು ಎಂದರೆ ಕಾಯಿಲೆಗೆ ಕೊಡುವ ಔಷಧಿಯಲ್ಲ. ಯಾರನ್ನಾದರೂ ತನ್ನ ಮಾತಿನಂತೆ ಕುಣಿಸಲು ಅನ್ನದಲ್ಲಿ ಗುಟ್ಟಾಗಿ ಕಲಸಿ ತಿನ್ನಿಸುವ ವಸ್ತು. ಹೊಟ್ಟೆಯಲ್ಲೇ ಗಂಟಾಗಿ ಕೂತು ಮನುಷ್ಯನನ್ನು ಒಳಗಿಂದೊಳಗೆ ಸವೆಸುತ್ತದೆ ಎಂದು ಜನ ನಂಬಿದ್ದರು.

"ಸುಮ್ನಿರೇ" ಎಂದಳು ಕೆಂಚಕ್ಕ. ಆದರೆ ಆ ಮಧ್ಯಾಹ್ನವೆಲ್ಲ ಅವಳ ಕೈ ಒಳ್ಳೆಯ ಕಾಯಿಗಳನ್ನೂ ಎಡಕ್ಕೇ ಉರುಳಿಸಿತು.

ಅಂದಿನಿಂದ ಅವಳು ಚಿತ್ತಮ್ಮನ ಕೈಯನ್ನು ಕಾಯತೊಡಗಿದಳು. ಒಂದು ವಿಷಯ ಬೇಗ ಕಣ್ಣಿಗೆ ಬಿತ್ತು. ಬಡಿಸುವ ಮುಂಚೆ ಚಿತ್ತಮ್ಮ ಸೌಟಿನಿಂದ ಪಾತ್ರೆಯನ್ನು ಕೆದಕಿ, ಹುಲ್ಲಿನ ಗಂಟೊಂದನ್ನೂ ಕೆಲವು ಎಲೆಗಳನ್ನೂ ಬೇರಿನ ಬಿಲ್ಲೆಗಳನ್ನೂ ಹೊರಗೆ ತೆಗೆದು ಹಿತ್ತಿಲಿಗೆ ಎಸೆಯುತ್ತಿದ್ದಳು. ತಿನ್ನುವ ವಸ್ತುವಾದರೆ ಎಸೆಯುವುದೇಕೆ? ಎಸೆಯುವುದಾದರೆ ಹಾಕುವುದೇಕೆ? ಕೆಂಚಕ್ಕ ಹಿತ್ತಿಲಲ್ಲಿ ಅವನ್ನು ಆರಿಸಿ ಮೂಸಿದಳು. ಹುಲ್ಲು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚಿತ್ತಮ್ಮ ನೆಟ್ಟಿದ್ದ, ನಿಂಬೆಯ ವಾಸನೆಯ ಮಜ್ಜಿಗೆ ಹುಲ್ಲು, ಇಂಗಳದಾಳದಲ್ಲಿ ಇಂಜಿನಿಯರರಿದ್ದ ಬಂಗಲೆಯ ತೋಟದಿಂದ ಬುಡ ತಂದಿದ್ದಳು. ಎಲೆ ಶಿಶುವಿಹಾರದ ಹಿಂದಿನ, ನಿಂಬೆ ಜಾತಿಯ ಹೇರಳೆ ಮರದ್ದು. ಬೇರು ಯಾವುದೆಂದು ತಿಳಿಯಲಿಲ್ಲ.

ಒಂದು ಶನಿವಾರ ಅವಳು ಚಿತ್ತಮ್ಮನ ಹಿಂದೆಯೇ ಪೇಟೆಗೆ ಹೋದಳು. ಚಿತ್ತಮ್ಮ ತರಕಾರಿ ಕೊಂಡಳು, ಶೇಂಗಾ ಕೊಂಡಳು, ಆಮೇಲೆ ಗಿಡಮೂಲಿಕೆ ಮಾರುವ ಮುರುಗಪ್ಪನ ಗ್ರಂಥಿಗೆ ಅಂಗಡಿಯ ಮುಂದೆ ನಿಂತಳು. ಪೊಟ್ಟಣವನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಟಳು. ಅವಳು ತಿರುವು ದಾಟಿದ ಮೇಲೆ ಕೆಂಚಕ್ಕ ಅಂಗಡಿ ಹತ್ತಿದಳು.

"ಈಗ ಬಂದಿದ್ಳಲ್ಲ, ಏನು ತಗಂಡ್ಲು?"

"ದುಂಪರಾಸ್ಮೆ ಬೇರು, ಶುಂಠಿ ಜಾತೀದು" ಎಂದ ಮುರುಗಪ್ಪ. "ಕೆಮ್ಮು, ಕೀಲುನೋವಿಗೆ ಕೊಡ್ತೀವಿ."

"ಅಡಿಗೆಗೆ ಹಾಕ್ತಾರಾ?"

ಮುರುಗಪ್ಪ ಕನ್ನಡಕದ ಮೇಲಿಂದ ನೋಡಿದ. "ನಲವತ್ತು ವರ್ಷದಿಂದ ಈ ಗದ್ದಿಗೆ ಮೇಲೆ ಕುಂತಿದೀನಿ. ಅಡಿಗೆಗೆ ಅಂತ ಒಯ್ದೋರನ್ನ ಕಂಡಿಲ್ಲಮ್ಮ. ಯಾಕೆ?"

"ಏನಿಲ್ಲ" ಎಂದು ಕೆಂಚಕ್ಕ ಮೆಟ್ಟಿಲಿಳಿದಳು.

ಉಳಿದದ್ದು ಚಿತ್ತಮ್ಮನ ಟ್ರಂಕು. ಅದನ್ನು ತೆರೆಯಲು ಅವಳ ಮನಸ್ಸು ಬಹಳ ದಿನ ಒಪ್ಪಲಿಲ್ಲ. ಬೇರೆಯವರ ಟ್ರಂಕು ಮುಟ್ಟುವುದು ಕಳ್ಳರ ಕೆಲಸವೆಂದು ತಮ್ಮನಿಗೆ ಹೇಳಿಕೊಟ್ಟವಳೇ ಅವಳು. ಆದರೆ ಆ ವಾರ ಉಗ್ರಪ್ಪನ ಕೆನ್ನೆ ಇಳಿದಂತೆ ಕಂಡಿತು. ನಿಜವಾಗಿ ಅವನು ತೆಳ್ಳಗಾಗಿದ್ದನೋ, ನೋಡುವ ಕಣ್ಣಿಗೆ ಹಾಗೆ ಕಂಡಿತೋ. ಚಿತ್ತಮ್ಮ ತೌರಿಗೆ ಹೋಗಿದ್ದ ಭಾನುವಾರ ಕೆಂಚಕ್ಕ ಟ್ರಂಕಿನ ಮುಚ್ಚಳ ಎತ್ತಿದಳು. ಸೀರೆಗಳ ಕೆಳಗೆ, ಹಳೆಯ ರವಿಕೆಯಲ್ಲಿ ಸುತ್ತಿದ ಒಂದು ಗಾಜಿನ ಬಾಟಲಿ. ಒಳಗೆ ಕಂದು ನೀರು, ಅರ್ಧಕ್ಕಿಂತ ಕಡಿಮೆ. ಮೇಲೆ ಅಂಟಿಸಿದ ಕಾಗದ ಹರಿದಿತ್ತು, ಉಳಿದ ಭಾಗದಲ್ಲಿ ಹುಳ ಹರಿದಾಡಿದಂಥ ಅಕ್ಷರ. ಬಿರಡೆ ತೆಗೆದು ಮೂಸಿದಳು. ಸತ್ತ ಪ್ರಾಣಿಯ ವಾಸನೆ.

ಅವಳು ಬಾಟಲಿಯನ್ನು ಇದ್ದಂತೆಯೇ ಸುತ್ತಿಟ್ಟು, ಮುಖ ತೊಳೆದು, ನೆಟ್ಟಗೆ ಹನುಮಮ್ಮನ ಮನೆಗೆ ಹೋದಳು.

ಮದ್ದು ತೆಗೆಯುವವನೊಬ್ಬ ಹೊಳಲ್ಕೆರೆಯಿಂದಾಚೆ ಒಂದು ಹಳ್ಳಿಯಲ್ಲಿದ್ದಾನೆಂದು ಹನುಮಮ್ಮನೇ ಹೇಳಿದಳು. ಕೆಂಚಕ್ಕ ತಮ್ಮನಿಗೆ ಸುಳ್ಳು ಹೇಳಿದಳು. "ನೀನು ಚಿಕ್ಕೋನಿದ್ದಾಗ ಜ್ವರ ಬಂದಿತ್ತಲ್ಲ, ಹರಕೆ ಹೊತ್ತಿದ್ದೆ. ತೀರಿಸ್ಬೇಕು. ನಾವಿಬ್ರೇ ಹೋಗಾಣ, ಚಿತ್ತಮ್ಮ ಬ್ಯಾಡ." ಉಗ್ರಪ್ಪ ಅಕ್ಕನ ಮಾತನ್ನು ತಟ್ಟಿ ನೋಡುವವನಲ್ಲ. ಅವನ ರಜೆಯ ದಿನ, ಅವನದೇ ಬಸ್ಸಿನಲ್ಲಿ, ಮಾರಣ್ಣನ ಹಿಂದಿನ ಸೀಟಿನಲ್ಲಿ ಕೂತು ಹೊರಟರು.

ಹಳ್ಳಿಯ ಹೊರಗಿನ ಮನೆಯ ಜಗಲಿಯಲ್ಲಿ ಜನ ಸಾಲಾಗಿ ಕೂತಿದ್ದರು. ಗುಡಿಯಿಲ್ಲ, ದೇವರಿಲ್ಲ. ಉಗ್ರಪ್ಪ ಅಕ್ಕನ ಮುಖ ನೋಡಿದ.

"ಇದ್ಯಾವ ಹರಕೆ ಅಕ್ಕ?"

"ಕುಂತ್ಕಳೋ. ನಿನ್ನ ಒಳ್ಳೇದಕ್ಕೇ."

"ಯಾರು ಏನು ಮಾಡವ್ರೆ ನಂಗೆ?"

ಮದ್ದು ತೆಗೆಯುವವನು ಬಂದು ಉಗ್ರಪ್ಪನ ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ತಲೆಯಾಡಿಸಿದ. "ಹೆಣ್ಣಿನ ಕೈಯಿಂದ ಬಿದ್ದೈತೆ. ಸರಿಯಾದ ಹೊತ್ತಿಗೆ ಕರ್ಕಂಡು ಬಂದೆ ತಾಯಿ." ಯಾವುದೋ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕದಡಿ ಚೊಂಬು ತುಂಬ ಕೊಟ್ಟ. ಉಗ್ರಪ್ಪ ಅಕ್ಕನ ಕಣ್ಣನ್ನೇ ನೋಡುತ್ತ ಕುಡಿದ. ಅವಳು ಕೊಟ್ಟದ್ದನ್ನು ಅವನು ಎಂದೂ ಬೇಡವೆಂದವನಲ್ಲ.

ಚೊಂಬು ಕೆಳಗಿಡುವಷ್ಟರಲ್ಲಿ ವಾಂತಿ ಶುರುವಾಯಿತು. ಕರುಳೇ ಬಾಯಿಗೆ ಬರುವಂತೆ ಬೋಗುಣಿಗೆ ಕಕ್ಕಿದ. ಮದ್ದು ತೆಗೆಯುವವನು ಕಡ್ಡಿ ಹಿಡಿದು ಬೋಗುಣಿಯ ಮೇಲೆ ಬಾಗಿ, ಮಂತ್ರ ಹೇಳುತ್ತ ಕೆದಕಿ, ಏನನ್ನೋ ಎತ್ತಿ ಹಿಡಿದ. ಕೂದಲು, ಬೂದಿ ಸೇರಿ ಗಟ್ಟಿಯಾದ ಕಪ್ಪು ಉಂಡೆ.

"ನೋಡು!"

ಜಗಲಿಯ ಮೇಲಿದ್ದ ಜನ ಕತ್ತು ಚಾಚಿದರು. ಕೆಂಚಕ್ಕ ಹತ್ತಿರ ಹೋಗಿ ನೋಡಿದಳು. ಜನರ ಕೈಚಳಕ ನೋಡಿಯೇ ಬದುಕಿದ ಕಣ್ಣು. ಅವನ ಎಡಗೈ ಇಷ್ಟು ಹೊತ್ತೂ ಮುಷ್ಟಿ ಬಿಗಿದಿತ್ತು, ಈಗ ತೆರೆದಿತ್ತು. ಅವಳು ಕೈಚಾಚಿ ಉಂಡೆಯನ್ನು ಮುಟ್ಟಿದಳು.

"ಇದು ಒಣಗೈತಲ್ಲಪ್ಪ" ಎಂದಳು.

"ಏನು?"

"ಹೊಟ್ಟೆಯಿಂದ ಈಗ ಬಂದಿದ್ದು. ಒದ್ದೆ ಇರ್ಬೇಕಲ್ಲ. ಪುಡಿ ಪುಡಿ ಉದುರ್ತೈತೆ."

ಅವನ ಮುಖ ಕೆಂಪಾಯಿತು. ನಂಬಿಕೆಯಿಲ್ಲದವರು ಇಲ್ಲಿಗೆ ಬರಬಾರದು, ಎದ್ದು ಹೋಗಿರಿ ಎಂದು ಕೂಗಾಡಿದ. ಕೆಂಚಕ್ಕನಿಗೆ ಅವನ ಕೂಗು ಕೇಳಿಸುತ್ತಿರಲಿಲ್ಲ. ಉಂಡೆ ಅವನದಾದರೆ ತಮ್ಮನ ಹೊಟ್ಟೆಯಲ್ಲಿ ಇದ್ದದ್ದೇನು? ಏನೂ ಇರಲಿಲ್ಲವೆ? ಹಾಗಾದರೆ ತಾನು ಕುಡಿಸಿದ್ದೇನು? ಹಿಂದೆ ತಿರುಗಿದಳು. ಉಗ್ರಪ್ಪ ಇನ್ನೂ ವಾಂತಿ ಮಾಡುತ್ತಿದ್ದ, ಈಗ ಬರುತ್ತಿದ್ದದ್ದು ಬರೀ ಹಳದಿ ನೀರು. ಎದ್ದು ನಿಲ್ಲಲು ಹೋಗಿ ಕಂಬ ಹಿಡಿದು ಹಾಗೇ ಕುಸಿದ.

ಎತ್ತಿನ ಗಾಡಿಯೊಂದರಲ್ಲಿ ಮಲಗಿಸಿಕೊಂಡು ಹೊಳಲ್ಕೆರೆಗೆ ತಂದಳು. ಸ್ಟ್ಯಾಂಡಿನಲ್ಲಿದ್ದ ಮಾರಣ್ಣ ಓಡಿಬಂದು ಹೆಗಲು ಕೊಟ್ಟು ಆಸ್ಪತ್ರೆಗೆ ಸೇರಿಸಿದ. "ನಾನು ಬಸ್ಸು ಬಿಡ್ಬೇಕು ಕಣಕ್ಕ, ಹಿರಿಯೂರಿಗೆ ಹೋಗಿ ಚಿತ್ತಮ್ಮಂಗೆ ಹೇಳ್ತೀನಿ" ಎಂದು ಹೊರಟ. ಹೇಳಬೇಡ ಎನ್ನಲು ಕೆಂಚಕ್ಕ ಬಾಯಿ ತೆರೆಯುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಉಗ್ರಪ್ಪನ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದ್ದರು. ಸಂಜೆ ಸುತ್ತಿಗೆ ಬಂದ ಡಾಕ್ಟರಮ್ಮ, "ಇವರಿಗೆ ಏನು ಕುಡಿಸಿದಿರಿ? ನಿಜ ಹೇಳಿ, ಇಲ್ಲದಿದ್ದರೆ ನಾನು ಔಷಧಿ ಕೊಡೋದು ಹೇಗೆ?" ಎಂದು ಕೇಳಿದರು. ಕೆಂಚಕ್ಕ ಹೇಳಿದಳು. ಸೊಪ್ಪಿನ ರಸ, ಯಾವ ಸೊಪ್ಪೋ ಗೊತ್ತಿಲ್ಲ. ಯಾಕೆ ಕುಡಿಸಿದಿರಿ ಎಂದು ಅವರು ಕೇಳಿದರು. "ಹೆಂಡ್ತಿ ಅನ್ನದಾಗೆ ಮದ್ದು ಹಾಕವ್ಳೆ ಅಂತ..." ಎನ್ನುವಾಗ ಡಾಕ್ಟರಮ್ಮನ ಕಣ್ಣು ತನ್ನ ಹಿಂದೆ ಹೋದದ್ದನ್ನು ಕಂಡಳು. ಬಾಗಿಲಲ್ಲಿ ಚಿತ್ತಮ್ಮ ನಿಂತಿದ್ದಳು, ಕೈಯಲ್ಲಿ ಗಂಡನ ಬಟ್ಟೆಯ ಚೀಲ.

ಚಿತ್ತಮ್ಮ ಒಳಗೆ ಬಂದು ಗಂಡನ ಹಾಸಿಗೆಯ ಇನ್ನೊಂದು ಬದಿಯಲ್ಲಿ ಕೂತಳು. ಅವನು ಎದ್ದು ಕೂರುವ ತನಕ ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹಾಗೇ ಇದ್ದರು.

ಹಿರಿಯೂರಿಗೆ ಬಂದ ದಿನ ಚಿತ್ತಮ್ಮ ಟ್ರಂಕು ತೆರೆದು ಬಾಟಲಿಯನ್ನು ತಂದು ಕೆಂಚಕ್ಕನ ಮುಂದೆ ಇಟ್ಟಳು.

"ನೀನು ಮೂಸಿ ನೋಡಿದ್ದು ಇದನ್ನೇ ಅಲ್ವೇನಕ್ಕ? ನೀನು ಬಿರಡೆ ಓರೆಯಾಗಿ ಹಾಕಿದ್ದೆ. ಅವತ್ತೇ ಗೊತ್ತಾಯ್ತು ನಂಗೆ, ಟ್ರಂಕು ತೆಗ್ದಿದೀಯ ಅಂತ. ಏನು ಹುಡುಕ್ತಿದೀಯ ಅಂತ ಮಾತ್ರ ಗೊತ್ತಾಗ್ಲಿಲ್ಲ."

"ಏನಿದು?"

"ಮೀನಿನ ನೀರು. ಮೀನು, ಉಪ್ಪು ಸೇರಿಸಿ ವರ್ಷಗಟ್ಟಲೆ ಇಟ್ಟು ಸೋಸ್ತಾರೆ. ಆ ಊರಲ್ಲಿ ನಮ್ಮ ಉಪ್ಪು ಇದ್ದಂಗೆ. ಪಾತ್ರೆಗೆ ಎರಡು ಹನಿ ಹಾಕ್ತಿದ್ದೆ, ರುಚಿಗೆ."

ಕೆಂಚಕ್ಕ ಎದ್ದು ನಿಂತಳು. "ಮೀನಾ? ನಮ್ಮ ಮನೇಲಾ? ಈ ಮನೇಲಿ ಯಾರೂ ಮೀನು ಬೇಯಿಸ್ದೋರಿಲ್ಲ ಅಂತ ಗೊತ್ತಿದ್ದೂ?"

"ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ. ಅದು ನನ್ನ ತಪ್ಪು."

"ನೋಡ್ದಾ ಉಗ್ರ? ನಾನು ಹೇಳ್ಲಿಲ್ವಾ, ಏನೋ ಹಾಕ್ತಾಳೆ ಅಂತ? ಹಾಕಿದ್ಲು!"

ಕಂಬಳಿ ಹೊದ್ದು ಗೋಡೆಗೊರಗಿದ್ದ ಉಗ್ರಪ್ಪ ಇಬ್ಬರನ್ನೂ ನೋಡಿದ. ಅವನ ದನಿ ಸಣ್ಣಗಿತ್ತು, ಆದರೆ ಅಷ್ಟು ಗಡುಸಾಗಿ ಅವನು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ.

"ಇವಳು ಕೇಳ್ದೆ ಮೀನಿನ ನೀರು ಹಾಕಿದ್ಲು. ನೀನು ಸುಳ್ಳು ಹೇಳಿ ಕರ್ಕಂಡು ಹೋಗಿ ಆ ರಸ ಕುಡಿಸ್ದೆ. ಇಬ್ರೂ ನನ್ನ ಒಂದು ಮಾತು ಕೇಳ್ಲಿಲ್ಲ. ಹೊಟ್ಟೆ ನಂದು ಕಣ್ರೇ."

ಚಿತ್ತಮ್ಮ ಬಾಟಲಿಯನ್ನು ಬಚ್ಚಲಿಗೆ ಒಯ್ದು ಸುರಿದು, ಬೂದಿ ಹಾಕಿ ತೊಳೆದು ಬಂದಳು. "ಇನ್ಮೇಲೆ ನಾನು ಒಲೆ ಮುಟ್ಟಲ್ಲ" ಎಂದಳು. ಅಂದಂತೆಯೇ ನಡೆದಳು. ಶಿಶುವಿಹಾರದಿಂದ ಬಂದು ಕಸ ಗುಡಿಸುವಳು, ನೀರು ತುಂಬುವಳು, ಪಾತ್ರೆ ಬೆಳಗುವಳು. ಅಡಿಗೆಮನೆಯ ಹೊಸ್ತಿಲು ಮಾತ್ರ ದಾಟಲಿಲ್ಲ.

ಮತ್ತೆ ಬೇಳೆ, ಖಾರ, ಮುದ್ದೆಯ ಸಂಜೆಗಳು. ದಿನವಿಡೀ ಕಾಯಿ ತಟ್ಟಿದ ಕೈಯಲ್ಲಿ ಹಿಟ್ಟು ತಿರುವುವಾಗ ಕೆಂಚಕ್ಕನ ಮಣಿಕಟ್ಟು ಕಿತ್ತುಹೋಗುವಂತೆ ನೋಯುತ್ತಿತ್ತು. ಉಗ್ರಪ್ಪ ಅರ್ಧ ಮುದ್ದೆಯಲ್ಲೇ ಕೈ ತೊಳೆಯುತ್ತಿದ್ದ. ಅದು ಅವನ ಹೊಟ್ಟೆಗೆ ಇನ್ನೂ ಭಾರವಾಗುತ್ತಿತ್ತು. ಮೂವರೂ ತಡವಾಗಿ, ತಲೆ ತಗ್ಗಿಸಿ ಉಂಡು ಏಳುತ್ತಿದ್ದರು. ಕೆಂಚಕ್ಕ ಚಿತ್ತಮ್ಮನನ್ನು ನೋಡುವುದನ್ನು ಬಿಟ್ಟಿರಲಿಲ್ಲ. ಒಲೆ ಬಿಟ್ಟವಳು ಮನಸ್ಸಿನಲ್ಲಿ ಏನು ಬೇಯಿಸುತ್ತಿದ್ದಾಳೋ ಎಂದು ಹೊಸ ಅನುಮಾನ. ತೌರಿಗೆ ಹೋದರೆ ಇನ್ನು ಬರುವುದಿಲ್ಲವೇನೋ, ಹೋಗುವಾಗ ತಮ್ಮನನ್ನೂ ಕರೆದೊಯ್ಯುತ್ತಾಳೇನೋ.

ಒಂದು ಸಂಜೆ ಮಂಡಿಯಿಂದ ಒಡಕು ಕಾಯಿ ತಂದವಳು ಅದನ್ನು ಹಿಡಿದುಕೊಂಡೇ ಅಂಗಳದಲ್ಲಿ ನಿಂತಳು.

"ಚಿತ್ತಮ್ಮ, ಆ ಅಡಿಗೆ ಹೆಂಗೆ ಮಾಡೋದು ಹೇಳು. ನಾನು ಮಾಡ್ತೀನಿ. ಅವ್ನು ಏನೂ ತಿಂತಿಲ್ಲ."

ಚಿತ್ತಮ್ಮ ಗುಡಿಸುವುದನ್ನು ನಿಲ್ಲಿಸಿದಳು. "ನಾನು ಒಳಗೆ ಬರಲ್ಲ. ಹೊಸ್ತಿಲ ಮೇಲೆ ಕುಂತು ಹೇಳ್ತೀನಿ" ಎಂದಳು.

"ಕುಂತ್ಕ."

ಕೆಂಚಕ್ಕ ಕಾಯಿ ತುರಿದು ಹಿಂಡಿದಳು. ಮೊದಲ ಗಟ್ಟಿ ಹಾಲನ್ನು ಬೇರೆ ಎತ್ತಿಟ್ಟು, ಅದೇ ಚರಟಕ್ಕೆ ನೀರು ಹಾಕಿ ಹಿಂಡಿದ ತೆಳು ಹಾಲನ್ನು ಪಾತ್ರೆಗೆ ಸುರಿದಳು. ಹುಲ್ಲಿನ ಬುಡವನ್ನು ಗುಂಡುಕಲ್ಲಿನಿಂದ ಜಜ್ಜಿ ಗಂಟು ಹಾಕು ಎಂದಳು ಚಿತ್ತಮ್ಮ. ಕೆಂಚಕ್ಕ ಗಂಟು ಹಾಕುವ ಮುಂಚೆ ಒಂದು ಎಳೆ ಬಾಯಿಗೆ ಹಾಕಿ ಜಗಿದಳು. ದುಂಪರಾಸ್ಮೆ ಬೇರನ್ನು ಬಿಲ್ಲೆಯಾಗಿ ಹೆಚ್ಚಿ ಅದನ್ನೂ ಕಚ್ಚಿದಳು, ಕಣ್ಣಲ್ಲಿ ನೀರು ಬಂತು. ಹೇರಳೆ ಎಲೆಯನ್ನು ನಡುವಿನ ನಾರು ಕಿತ್ತು ಮೂಸಿದಳು, ಅದರ ಚೂರನ್ನೂ ಅಗಿದಳು. ಚಿತ್ತಮ್ಮ ಎಲ್ಲವನ್ನೂ ನೋಡುತ್ತಿದ್ದಳು.

"ಇದನ್ನೆಲ್ಲ ಆಮೇಲೆ ಯಾಕೆ ಎಸೀತಿದ್ದೆ?"

"ಗಂಟಲಿಗೆ ಸಿಕ್ಕಂಬಿಡ್ತೈತೆ ಅಂತ. ಸಾರ ಹಾಲಿಗೆ ಬಿಟ್ಟಮೇಲೆ ಅದರ ಕೆಲ್ಸ ಮುಗೀತು."

ಹಾಲು ಕುದಿ ಬಂದ ಮೇಲೆ ತೊಳೆದ ನವಣೆ ಅಕ್ಕಿ, ನಾಲ್ಕಾಗಿ ಸೀಳಿದ ಎಳೆ ಬದನೆಕಾಯಿ, ಜಜ್ಜಿದ ಹಸಿಮೆಣಸಿನಕಾಯಿ, ಒಂದು ಹಿಡಿ ಶೇಂಗಾ, ಉಪ್ಪು. ಎಲ್ಲವೂ ಅದೇ ಪಾತ್ರೆಗೆ. ಮುಚ್ಚಳ ಹಾಕಿ ಉರಿ ತಗ್ಗಿಸು, ಇನ್ನು ಮುಟ್ಟಬೇಡ ಎಂದಳು ಚಿತ್ತಮ್ಮ. ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಸಂಜೆಯ ಹೊತ್ತು ಒಲೆಯ ಮುಂದೆ ಕೈ ಕಟ್ಟಿ ಕೂರುವುದು ಕೆಂಚಕ್ಕನಿಗೆ ಗೊತ್ತೇ ಇರಲಿಲ್ಲ.

"ಯಾರು ಕಲಿಸಿದ್ದು ನಿಂಗೆ?"

"ಆ ಮನೇಲಿ ಅಡಿಗೆ ಮಾಡೋಳು. ಪಾ ಲಮೈ ಅಂತಿದ್ವಿ. ಪಾ ಅಂದ್ರೆ ದೊಡ್ಡಮ್ಮ ಇದ್ದಂಗೆ. ತೊಮ್ ಖಾ ಅಂತ ಕಾಯಿಹಾಲಿನ ಸಾರು ಮಾಡೋಳು. ಹೊತ್ತಾದ ದಿನ ಸಾರು ಬೇರೆ ಅನ್ನ ಬೇರೆ ಯಾರು ಮಾಡ್ತಾರೆ ಅಂತ ಅದಕ್ಕೇ ಅಕ್ಕಿ ಸುರಿದುಬಿಡೋಳು. ಅವಳಿಗೂ ಮನೇಲಿ ಮಕ್ಳು ಕಾಯ್ತಿದ್ವು."

"ಹೋದ ದಿನಾನೇ ತಿಂದ್ಯಾ ನೀನು, ಅ‌ವಳು ಮಾಡಿದ್ದು?"

ಚಿತ್ತಮ್ಮ ಪೊರಕೆಯ ಕಡ್ಡಿ ಮುರಿಯುತ್ತ, "ಇಲ್ಲ. ಮೊದಮೊದಲು ಬರೀ ಬಾಳೆಹಣ್ಣು ತಿಂದ್ಕಂಡಿದ್ದೆ. ಭಾಷೆ ಬರಲ್ಲ, ಮುಖ ಗೊತ್ತಿಲ್ಲ. ಅದರಾಗೆ ಏನು ಹಾಕವ್ಳೋ ಅಂತ ಭಯ" ಎಂದಳು.

ಕೆಂಚಕ್ಕ ಒಮ್ಮೆ ಹೂಂ ಎಂದು ಸ್ಟೌ ಕಡೆ ತಿರುಗಿದಳು.

ಕೊನೆಗೆ ಗಟ್ಟಿ ಹಾಲು, ಬೆಲ್ಲದ ಚೂರು, ನಿಂಬೆರಸ, ಕೊತ್ತಂಬರಿ ಸೊಪ್ಪು. ಉಗ್ರಪ್ಪ ಬಸ್ಸಿನಿಂದ ಬಂದು ಬಾಗಿಲಲ್ಲೇ ನಿಂತು ವಾಸನೆ ಹಿಡಿದ. ಒಳಗಿರುವುದು ಅಕ್ಕ, ಹೊಸ್ತಿಲ ಮೇಲಿರುವುದು ಹೆಂಡತಿ. ಕಾಲು ತೊಳೆದು ಬಂದು ಕೂತ.

ಕೆಂಚಕ್ಕ ಮೂರು ತಟ್ಟೆಗೆ ಬಡಿಸಿದಳು. ಉಗ್ರಪ್ಪ ಕೈ ಹಾಕಿದವನು ತಡೆದು ಹೆಂಡತಿಯತ್ತ ನೋಡಿದ. ಚಿತ್ತಮ್ಮ ತಟ್ಟೆ ಮುಟ್ಟಿರಲಿಲ್ಲ. ಕೈ ಮಡಿಲಲ್ಲಿತ್ತು. ಕಣ್ಣು ಕೆಂಚಕ್ಕನ ಕೈಯ ಮೇಲಿತ್ತು, ಅಲ್ಲಿಂದ ತಟ್ಟೆಗೆ ಹೋಗಿ, ಮತ್ತೆ ಕೈಗೆ ಬಂತು. ಆ ನೋಟ ಎಂಥದ್ದೆಂದು ಕೆಂಚಕ್ಕನಿಗೆ ತಿಳಿಯಲು ಅರೆಗಳಿಗೆಯೂ ಬೇಕಾಗಲಿಲ್ಲ. ಈ ಮನೆಯಲ್ಲಿ ತಿಂಗಳುಗಟ್ಟಲೆ ಹಾಗೆ ನೋಡಿದವಳು ತಾನೇ. ತನ್ನ ತಮ್ಮನಿಗೆ ಗೊತ್ತಿಲ್ಲದ ರಸ ಕುಡಿಸಿದ ಕೈ, ತಮ್ಮನ ಹೆಂಡತಿಗೆ ಏನು ತಾನೇ ಕುಡಿಸಲಾರದು? ಚಿತ್ತಮ್ಮ ಯೋಚಿಸುತ್ತಿದ್ದದ್ದು ಅದೇ. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಯೋಚಿಸುತ್ತಿದ್ದಳು.

ಬೈಯಬಹುದಿತ್ತು. ಅಳಬಹುದಿತ್ತು. ಕೆಂಚಕ್ಕ ಚಿತ್ತಮ್ಮನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಅದರಿಂದಲೇ ದೊಡ್ಡ ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. ಆ ಅಡಿಗೆಯನ್ನು ಅವಳು ತಿಂದದ್ದು ಅದೇ ಮೊದಲು. ಮೊದಲು ಕಾಯಿಹಾಲಿನ ಸಿಹಿ, ಹಿಂದೆಯೇ ಹುಳಿ, ನುಂಗಿದ ಮೇಲೆ ಮೂಗಿನವರೆಗೆ ಏರುವ ಖಾರ. ಹಣೆಯಲ್ಲಿ ಬೆವರು ಮೂಡಿತು. ನುಂಗಿ, ತಟ್ಟೆಯನ್ನು ವಾಪಸು ಸರಿಸಿದಳು.

"ತಿನ್ನು" ಎಂದಳು. ಆಮೇಲೆ, "ನನ್ನ ನೋಡಿ ಆಮೇಲೆ ತಿನ್ನು, ಬೇಕಾದ್ರೆ" ಎಂದಳು.

ಚಿತ್ತಮ್ಮ ನಿಜಕ್ಕೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಿಂದಳು.

ಆ ಊಟದಿಂದ ಎಲ್ಲ ಸರಿಹೋಯಿತೆಂದಲ್ಲ. ಚಿತ್ತಮ್ಮ ಅಡಿಗೆಮನೆಯೊಳಗೆ ಕಾಲಿಡುವಷ್ಟರಲ್ಲಿ ಸಂಕ್ರಾಂತಿ ಬಂದುಹೋಗಿತ್ತು. ಆಮೇಲೆ ಸಂಜೆ ಯಾರು ಮೊದಲು ಬರುತ್ತಾರೋ ಅವರು ಸ್ಟೌ ಹಚ್ಚುವುದು, ಯಾರು ಮಾಡುತ್ತಾರೋ ಅವರು ಉಳಿದವರ ಎದುರಿಗೇ ಮೊದಲ ತುತ್ತು ತಿನ್ನುವುದು ಆ ಮನೆಯ ಪದ್ಧತಿಯಾಯಿತು. ಹೀಗೇ ಆಗಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊಳಲ್ಕೆರೆಯ ಬಸ್ಸಿನಲ್ಲಿ ಯಾರಾದರೂ ಮದ್ದು ತೆಗೆಸಲು ಹೋಗುವವರು ಸಿಕ್ಕರೆ ಉಗ್ರಪ್ಪ ಟಿಕೆಟ್ ಹರಿಯುವಾಗಲೇ ಒಣಗಿದ ಉಂಡೆಯ ಕಥೆ ಹೇಳುವನು. ಕೇಳಿಸಿಕೊಂಡು ಇಳಿದುಹೋದವರು ಒಬ್ಬಿಬ್ಬರು. ಉಳಿದವರು ಟಿಕೆಟ್ ಮಡಚಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೆಂಚಕ್ಕ ಮಂಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ಹನುಮಮ್ಮನ ಮೂಗು ಅರಳಿತು.

"ಏನೇ ಅದು? ಅವ್ಳು ಮಾಡೋದಾ? ನೀನೂ ತಿಂತೀಯಾ?"

"ನಾನೇ ಮಾಡಿದ್ದು. ತಗಾ, ಒಂದು ತುತ್ತು ನೋಡು. ನಾನು ಮೊದ್ಲು ತಿಂತೀನಿ."

ಹನುಮಮ್ಮ ಅವಳ ಮುಖವನ್ನು, ಕಣ್ಣನ್ನು, ಮತ್ತೆ ಬುತ್ತಿಯನ್ನು ನೋಡಿದಳು. ತನ್ನ ಗೋಣಿಚೀಲವನ್ನು ಮೆಲ್ಲಗೆ ಅತ್ತ ಎಳೆದುಕೊಂಡಳು. ಬಿಸಿಲು ಇಳಿಯುವುದರೊಳಗೆ ಮಂಡಿಯಲ್ಲೆಲ್ಲ ಸುದ್ದಿಯಾಯಿತು. ಬ್ಯಾಂಕಾಕಿನವಳು ಗಂಡನಿಗೆ ಮದ್ದು ಹಾಕಿದ್ದಲ್ಲದೆ ಈಗ ಕೆಂಚಕ್ಕನಿಗೂ ಹಾಕಿದ್ದಾಳೆ, ಎಂಥಾ ಹುಲಿಯಂಥ ಹೆಂಗಸು ಹೇಗೆ ಮೆತ್ತಗಾಗಿ ಹೋದಳು ನೋಡಿ.

ಕೆಂಚಕ್ಕನ ಕಿವಿಗೂ ಅದು ಬಿತ್ತು. ಎದ್ದು ಹೋಗಿ ಜಗಳ ಮಾಡಬೇಕೆಂದು ಸೆರಗು ಸಿಕ್ಕಿಸಿದವಳು ಹಾಗೇ ಕೂತಳು. ಏನು ಹೇಳಿದರೂ ಅದು ಮದ್ದೇ ಮಾತಾಡಿಸುತ್ತಿದೆ ಎನ್ನುತ್ತಾರೆ. ವರ್ಷದ ಹಿಂದೆ ಬೇರೆ ಯಾರ ಬಗ್ಗೆಯಾದರೂ ಈ ಮಾತು ಕೇಳಿದ್ದರೆ ಎಲ್ಲರಿಗಿಂತ ಮೊದಲು ನಂಬುತ್ತಿದ್ದವಳು ತಾನೇ. ಬುತ್ತಿಯಲ್ಲಿ ಇನ್ನೂ ಅರ್ಧ ಇತ್ತು. ಎಲ್ಲರೂ ನೋಡುತ್ತಿರುವಾಗಲೇ ಅದನ್ನು ನಿಧಾನವಾಗಿ ತಿಂದು ಮುಗಿಸಿ, ಕೈ ತೊಳೆದು, ಮುಂದಿನ ರಾಶಿಯ ಕಡೆ ಸರಿದು ಕೂತಳು.